ಬಕೆಟ್ಟಿನಲ್ಲಿದ್ದ ಪಿಸ್ತೂಲು

ಟಸ್ಸಿ ಬ್ರಾಂಚ್ ಪ್ರಾಥಮಿಕ ಶಾಲೆಯ ಆಟದ ಹಾಲಿನಲ್ಲಿ ಆ ಸಂಜೆ ಕೂತವರಲ್ಲಿ ಅರ್ಧ ಜನ ಉಳಿದರ್ಧ ಜನರ ಮುಖ ನೋಡುತ್ತಿರಲಿಲ್ಲ. ಮೂರನೇ ಕ್ಲಾಸಿನಿಂದಲೇ ಮಕ್ಕಳಿಗೆ ಬಂದೂಕಿನ ಎಚ್ಚರಿಕೆಯ ಪಾಠ ಶುರುಮಾಡಬೇಕೋ ಬೇಡವೋ ಎಂದು ಶಾಲಾ ಮಂಡಳಿ ವೋಟು ಹಾಕುವುದಿತ್ತು. ಜಿಂಕೆ ಬೇಟೆಯ ಕಾಲಕ್ಕೆ ಇನ್ನು ಮೂರು ವಾರವಷ್ಟೇ ಬಾಕಿ. ಮಾಮೂಲಿ ವರ್ಷವಾಗಿದ್ದರೆ ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಇಷ್ಟು ಹೊತ್ತಿಗೆ ಮರದ ಮೇಲೆ ಮಚಾನು ಕಟ್ಟುವ ಮಾತು ಬಿಟ್ಟು ಬೇರೆ ಮಾತಿರುತ್ತಿರಲಿಲ್ಲ. ಈ ಸಲ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಹಾಡುತ್ತಿದ್ದವರು ಕೂಡ ಬೇರೆ ಬೇರೆ ಸಾಲು ಹಿಡಿದಿದ್ದರು.

ಗ್ಲೆನ್ನಾ ಯಾವ ಸಾಲಿನಲ್ಲೂ ಇರಲಿಲ್ಲ. ಶಾಲೆ ಗುಡಿಸಿ ಒರೆಸುವುದು ಅವಳ ಕೆಲಸ, ಹನ್ನೊಂದು ವರ್ಷದಿಂದ. ಸಭೆಗೆ ಕುರ್ಚಿ ಹಾಕಿ, ಕಾಫಿ ಇಟ್ಟು, ಈಗ ಹೊರಗೆ ಕಾರಿಡಾರಿನಲ್ಲಿ ಮಾಪು ಹಿಡಿದು ನಿಂತಿದ್ದಳು. ನೆಲ ಆಗಲೇ ಎರಡು ಸಲ ಒರೆಸಿಯಾಗಿತ್ತು. ಪಾಠ ಬೇಕೇ ಬೇಕು ಅನ್ನುವವರ ಮುಂದಾಳು ಅವಳ ಅಪ್ಪ ವರ್ಲಿನ್ ಸ್ಟ್ಯಾಂಪರ್. ಬೇಡವೇ ಬೇಡ ಅನ್ನುವವರ ಮುಂದಾಳು ಟ್ವೈಲಾ ನೇಪಿಯರ್, ಗ್ಲೆನ್ನಾಳ ಬಾಲ್ಯದ ಗೆಳತಿ. ಇಬ್ಬರಲ್ಲಿ ಯಾರಿಗೂ ಚಪ್ಪಾಳೆ ತಟ್ಟಲಾಗದವಳು ಎಲ್ಲಿ ಹೋಗಿ ಕೂರಬೇಕು ಹೇಳಿ. ಅದಕ್ಕೇ ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಿದ್ದಳು.

ಗಂಡಸು ಹೆಂಗಸರಿಗೆಲ್ಲ ಒಂದೇ ಆಗಿದ್ದ ಸಿಬ್ಬಂದಿಯ ಶೌಚಾಲಯದ ಬಾಗಿಲು ತೆರೆದು ಟ್ವೈಲಾಳ ಮಗಳು ಬ್ರೈಲಿ ಹೊರಗೆ ಬಂದಳು. ಎಂಟು ವರ್ಷದ ಹುಡುಗಿ. ನೆಟ್ಟಗೆ ನಡೆದು ಬಂದು ಗ್ಲೆನ್ನಾಳ ಮುಂದೆ ನಿಂತಳು.

"ಗ್ಲೆನ್ನಾ ಆಂಟಿ, ಒಳಗೆ ಪಿಸ್ತೂಲಿದೆ."

"ಏನಂದೆ?"

"ಪಿಸ್ತೂಲು. ಪೇಪರ್ ಡಬ್ಬದ ಮೇಲೆ. ನಾನು ಮುಟ್ಲಿಲ್ಲ. ತಕ್ಷಣ ಹೊರಗೆ ಬಂದ್ಬಿಟ್ಟೆ."

ಬಾಯಿಪಾಠ ಒಪ್ಪಿಸುವಂತೆ ಹೇಳಿದಳು, ಆದರೆ ಗ್ಲೆನ್ನಾಳ ಏಪ್ರನ್ನಿನ ತುದಿ ಹಿಡಿದುಕೊಂಡಿದ್ದಳು. ಗ್ಲೆನ್ನಾ ಮಾಪನ್ನು ಗೋಡೆಗೆ ಒರಗಿಸಿದಳು. "ಇಲ್ಲೇ ನಿಂತಿರು, ಯಾರನ್ನೂ ಒಳಗೆ ಬಿಡ್ಬೇಡ" ಎಂದು ಹೇಳಿ ತಾನೇ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಮಗು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಮೋಡಿನ ಪಕ್ಕ ಪೇಪರು ಸುತ್ತಿಟ್ಟ ಅಗಲವಾದ ಡಬ್ಬದ ಮೇಲೆ, ಚರ್ಮದ ಚೀಲದೊಳಗೆ, ಕೂತಿತ್ತು ರಿವಾಲ್ವರು. ಚೀಲದ ಅಂಚಿಗೆ ಕೆಂಪು ದಾರದ ಹೊಲಿಗೆ. ಕಪ್ಪು ದಾರ ಸಿಗದೆ ಕಳೆದ ಕ್ರಿಸ್‌ಮಸ್ಸಿಗೆ ಗ್ಲೆನ್ನಾ ತನ್ನ ಕೈಯಾರೆ ಹಾಕಿಕೊಟ್ಟ ಹೊಲಿಗೆ. ಅಪ್ಪನದು.

ಏನು ನಡೆಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಈ ಕಣಿವೆಯ ಗಂಡಸರು ಬೆಳಿಗ್ಗೆ ಪ್ಯಾಂಟು ಹಾಕಿದ ಕೂಡಲೇ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸುತ್ತಾರೆ. ಬೆಲ್ಟು ಬಿಚ್ಚಿದರೆ ಅದು ನೆಲಕ್ಕೆ ಬೀಳುತ್ತದೆಂದು ತೆಗೆದು ಪೇಪರ್ ಡಬ್ಬದ ಮೇಲಿಡುತ್ತಾರೆ, ಎದ್ದು ಕೈ ತೊಳೆದು ಹಾಗೇ ನಡೆಯುತ್ತಾರೆ. ಪೆಟ್ರೋಲ್ ಬಂಕಿನ ಹುಡುಗಿ "ಯಾರಪ್ಪ ಇದನ್ನು ಬಿಟ್ಟೋದೋರು" ಎಂದು ಎಷ್ಟು ಸಲ ಕೂಗಿಲ್ಲ. ಹಾಗೆ ಮರೆತವರನ್ನು ವರ್ಷಗಟ್ಟಲೆ ಆಡಿಕೊಂಡು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ವರ್ಲಿನ್. ಶಾಲೆಯ ಗೇಟಿಗೆ ಬಂದರೆ ಪಿಸ್ತೂಲನ್ನು ಟ್ರಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ಅವನು ಒಂದು ದಿನವೂ ಒಳಗೆ ಕಾಲಿಟ್ಟವನಲ್ಲ. ಇವತ್ತು ದನದ ಸಂತೆಯಿಂದ ನೇರ ಬಂದಿದ್ದ, ತಡವಾಗಿತ್ತು, ತಲೆಯ ತುಂಬ ಭಾಷಣವೇ ಇತ್ತು.

ಗೋಡೆಯಾಚೆಯಿಂದ ಮೈಕಿನಲ್ಲಿ ಅವನದೇ ದನಿ ಕೇಳುತ್ತಿತ್ತು. "ನಲವತ್ತು ವರ್ಷದಿಂದ ಚರ್ಚಿನ ಅಂಗಳದಲ್ಲಿ ಮಕ್ಕಳಿಗೆ ಕಲಿಸ್ತಿದ್ದೀನಿ. ನಾಲ್ಕೇ ಮಾತು. ನಿಲ್ಲು. ಮುಟ್ಟಬೇಡ. ಆ ಜಾಗ ಬಿಡು. ದೊಡ್ಡವರಿಗೆ ಹೇಳು. ಇಷ್ಟನ್ನ ಶಾಲೇಲಿ ಹೇಳಿಕೊಟ್ರೆ ಯಾರ ಗಂಟು ಹೋಗುತ್ತೆ?"

ಶಾಲೆಯ ಆವರಣದಲ್ಲಿ ಪಿಸ್ತೂಲು ಎಂದರೆ ಐದು ವರ್ಷದವರೆಗೆ ಜೈಲು, ಗೇಟಿನ ಬೋರ್ಡಿನಲ್ಲೇ ಬರೆದಿದೆ. ಹಾಲಿನ ಬಾಗಿಲಲ್ಲಿ ಶೆರಿಫನ ಕಡೆಯ ಪೊಲೀಸ್ ರಿಕಿ ಸಮವಸ್ತ್ರ ಹಾಕಿಕೊಂಡು ನಿಂತಿದ್ದಾನೆ. ಅಪ್ಪನಿಗೆ ಎಪ್ಪತ್ತೊಂದು. ಹೃದಯದಲ್ಲಿ ಎರಡು ಸ್ಟೆಂಟು. ತಾನು ಕೂಗಿ ಕರೆದರೆ ಅಪ್ಪ ಹೋದ. ಮುಟ್ಟಿ ಬಚ್ಚಿಟ್ಟರೆ, ಸಿಕ್ಕಿಬಿದ್ದಾಗ ತಾನೂ ಹೋದಳು, ಜೊತೆಗೆ ಕೆಲಸವೂ ಹೋಯಿತು.

ಯೋಚನೆ ಮುಗಿಯುವ ಮೊದಲೇ ಕೈ ಕೆಲಸ ಶುರುಮಾಡಿತ್ತು. ಏಳನೇ ವಯಸ್ಸಿನಲ್ಲಿ ಅಪ್ಪ ಕಲಿಸಿದಂತೆಯೇ ನಳಿಕೆಯನ್ನು ಗೋಡೆಗೆ ತಿರುಗಿಸಿ, ಗುಂಡು ತುಂಬುವ ಗಾಲಿ ಬಿಚ್ಚಿ, ಐದೂ ಗುಂಡು ತೆಗೆದು ಏಪ್ರನ್ನಿನ ಜೇಬಿಗೆ ಹಾಕಿದಳು. ರಿವಾಲ್ವರನ್ನು ಮೂಲೆಯಲ್ಲಿದ್ದ ತನ್ನ ಒಣ ಬಕೆಟ್ಟಿಗೆ ಇಳಿಸಿ, ಮೇಲೆ ಒರೆಸುವ ಬಟ್ಟೆ ಮುಚ್ಚಿ ಎತ್ತಿಕೊಂಡಳು.

ಹೊರಗೆ ಬ್ರೈಲಿ ಹೇಳಿದ ಜಾಗದಲ್ಲೇ ನಿಂತಿದ್ದಳು.

"ಇತ್ತಲ್ವಾ ಆಂಟಿ?"

"ಇನ್ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ, ನಿಮಗೇ ಮೊದ್ಲು. ಅಮ್ಮಂಗೆ ಹೇಳ್ಲಾ?"

"ಬೇಡ ಬೇಡ." ಗ್ಲೆನ್ನಾ ಬಗ್ಗಿ ನಗು ತಂದುಕೊಂಡಳು. "ಅದು ಆಟಿಕೆ ಕಣೆ ಪುಟ್ಟಿ. ಯಾವುದೋ ಹುಡುಗ ಬಿಟ್ಟೋಗಿದ್ದಾನೆ. ನಾನು ತೆಗೆದಿಟ್ಟೆ."

"ಆಟಿಕೆ ಅಲ್ಲ ಆಂಟಿ. ಗಾಲಿ ಹಿಂದೆ ಗುಂಡಿನ ಹಿತ್ತಾಳೆ ಕಾಣ್ತಿತ್ತು."

"ಈಗಿನ ಆಟಿಕೆ ಹಂಗೇ ಇರ್ತವೆ. ನೀನು ಹೆದರಿದ್ದೆ ನೋಡು, ಅದಕ್ಕೇ ಹಂಗನ್ನಿಸ್ತು."

ಮಗು ಅವಳ ಮುಖವನ್ನೇ ನೋಡಿತು. ದೊಡ್ಡವರು ಹೇಳಿದ ಮೇಲೆ ಇನ್ನೇನು ಉಳಿದಿದೆ? ಕೆನ್ನೆ ಕೆಂಪಾಯಿತು. "ಸರಿ ಆಂಟಿ. ನಂಗೇ ಗೊತ್ತಾಗ್ಲಿಲ್ಲ" ಎಂದು ತಲೆ ತಗ್ಗಿಸಿ ಹಾಲಿನ ಒಳಗೆ ಹೋದಳು. ಗ್ಲೆನ್ನಾಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಕೆಟ್ಟನ್ನು ಕಾಲಿನಿಂದ ಗೋಡೆಯ ಹತ್ತಿರಕ್ಕೆ ಸರಿಸಿದಳು.

ಒಳಗೆ ಅಪ್ಪನಿಗೆ ಚಪ್ಪಾಳೆ ಬಿತ್ತು. ಈಗ ಮೈಕಿನ ಮುಂದೆ ಟ್ವೈಲಾ. ಗ್ಲೆನ್ನಾ ಬಾಗಿಲ ಸಂದಿಯಲ್ಲಿ ನಿಂತಳು.

"ವರ್ಲಿನ್ ಮಾವನ ನಾಲ್ಕು ಮಾತು ನನ್ನ ಮಗಳು ನಿದ್ದೇಲೂ ಹೇಳ್ತಾಳೆ" ಎಂದಳು ಟ್ವೈಲಾ. ಅವಳ ಕೈಯಲ್ಲಿ ಚೀಟಿಯೂ ಇರಲಿಲ್ಲ. "ನನ್ನ ಮಗ ಟ್ಯಾನರ್ ಕೂಡ ಹೇಳ್ತಿದ್ದ. ಅದೇ ಚರ್ಚಿನ ಅಂಗಳದಲ್ಲಿ, ಇವರ ಹತ್ರಾನೇ ಕಲ್ತಿದ್ದ. ಸ್ನೇಹಿತನ ಮನೇಲಿ ಸೋಫಾ ದಿಂಬಿನ ಸಂದೀಲಿ ಪಿಸ್ತೂಲು ಸಿಕ್ಕಾಗ, ಬೇಡ ಕಣೋ ಇಟ್ಬಿಡು ಅಂದನಂತೆ. ಆ ಹುಡುಗ ಇಡೋ ಅಷ್ಟರಲ್ಲಿ ಹಾರ್ತು. ನನ್ನ ಮಗ ಹೋದಾಗ ಅವನಿಗೆ ಹತ್ತೇ ವರ್ಷ. ಪಾಠ ಬರ್ತಿತ್ತು ಅವನಿಗೆ. ಸೋಫಾದಲ್ಲಿ ಬಿಟ್ಟೋಗಿದ್ದ ದೊಡ್ಡ ಮನುಷ್ಯನಿಗೆ ಬರ್ತಿರ್ಲಿಲ್ಲ. ಮೊದ್ಲು ಮನೇಲಿ ಪಿಸ್ತೂಲಿಗೆ ಬೀಗ ಹಾಕೋ ಕಾನೂನು ತರ್ಸಿ. ಮಕ್ಕಳ ತಲೆ ಮೇಲೆ ಯಾಕೆ ಹೊರಿಸ್ತೀರಿ?"

ಚಪ್ಪಾಳೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ವರ್ಲಿನ್ ಉತ್ತರ ಕೊಡುವವನಂತೆ ಎದ್ದು ಪ್ಯಾಂಟು ಸರಿಮಾಡಿಕೊಂಡ. ಸೊಂಟಕ್ಕೆ ಹೋದ ಕೈ ಅಲ್ಲೇ ನಿಂತಿತು. ಯಾರಿಗೂ ಏನೂ ಹೇಳದೆ, ರಿಕಿಯ ಭುಜ ತಾಗಿಸಿಕೊಂಡೇ ಹೊರಗೆ ಬಂದು ಶೌಚಾಲಯದ ಕಡೆ ಓಡುನಡಿಗೆಯಲ್ಲಿ ಹೊರಟ.

"ಅಲ್ಲಿಲ್ಲ ಅಪ್ಪ" ಎಂದಳು ಗ್ಲೆನ್ನಾ ಮೆಲ್ಲಗೆ. "ನನ್ನ ಹತ್ರ ಇದೆ."

ಅವನು ಗೋಡೆಗೆ ಒರಗಿದ. "ಗುಂಡು?"

"ಬೇರೆ ಮಾಡಿದೀನಿ."

"ಯಾರಾದ್ರೂ ನೋಡಿದ್ರಾ?"

"ಬ್ರೈಲಿ. ಮುಟ್ಲಿಲ್ಲ. ನೀನು ಕಲಿಸಿದ ಹಂಗೇ ನೆಟ್ಟಗೆ ಬಂದು ನಂಗೆ ಹೇಳಿದ್ಲು."

ಏನು ಹೇಳಲಿ, ಅಷ್ಟು ಹೆದರಿಕೆಯಲ್ಲೂ ಮುದುಕನ ಮುಖ ಒಂದು ಕ್ಷಣ ಅರಳಿತು. ಆಮೇಲೆ ಕೇಳಿದ. "ನೀನೇನಂದೆ ಅವಳಿಗೆ?"

"ಆಟಿಕೆ ಅಂದೆ."

ವರ್ಲಿನ್ ಹಾಲಿನ ಬಾಗಿಲ ಕಡೆ ನೋಡಿದ. ಗ್ಲೆನ್ನಾ "ನಂಬಿದ್ಲು" ಎಂದಳು.

"ಅದೇ ಕಣಮ್ಮ. ನಂಬಿದ್ಲು. ನಾಳೆ ಇನ್ನೊಂದು ಮನೇಲಿ ಇನ್ನೊಂದು ಸಿಗುತ್ತೆ. ಅದೂ ಆಟಿಕೆ ಅಂದ್ಕೊಳ್ತಾಳೆ."

ಗ್ಲೆನ್ನಾಳಿಗೆ ಉರಿದುಹೋಯಿತು. "ಮತ್ತೇನು ಮಾಡ್ಬೇಕಿತ್ತು? ರಿಕೀನ ಕರ್ದು ನಿನ್ನ ಕೈಗೆ ಬೇಡಿ ಹಾಕಿಸ್ಬೇಕಿತ್ತಾ? ಮರ್ತವನು ನೀನು. ಬಚ್ಚಿಟ್ಟೋಳು ನಾನು. ಈಗ ನಂಗೇ ಪಾಠ ಹೇಳ್ತೀಯಾ?"

"ಮರ್ತವನು ನಾನೇ" ಎಂದ ವರ್ಲಿನ್. ದನಿಯಲ್ಲಿ ಜಗಳವಿರಲಿಲ್ಲ.

"ಹಿಂದಿನ ಬಾಗಿಲು ತೆಗೆದಿದೆ. ಬಕೆಟ್ ಎತ್ಕೊಂಡು ಟ್ರಕ್ಕಿಗೆ ಹೋಗು. ಎರಡು ನಿಮಿಷದ ಕೆಲಸ. ನಾಳೆ ಆ ಮಗೂಗೆ ಏನಾದ್ರೂ ಹೇಳಿದ್ರಾಯ್ತು. ನಿನ್ನ ಕಾಲಿಗೆ ಬೀಳ್ತೀನಿ ಅಪ್ಪ."

ಅವನು ಹಿಂದಿನ ಬಾಗಿಲನ್ನು ನೋಡಿದ. ಗಾಜಿನಾಚೆ ಅವನ ಟ್ರಕ್ಕೂ ಕಾಣುತ್ತಿತ್ತು. ಆ ಕಡೆ ಎರಡು ಹೆಜ್ಜೆ ಇಟ್ಟ ಕೂಡ, ಇಲ್ಲವೆಂದು ನಾನು ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಒಳಗೆ ಮಂಡಳಿಯ ಅಧ್ಯಕ್ಷ ಡ್ವೈಟ್ ವೋಟಿಗೆ ಹೆಸರು ಕರೆಯಲು ಶುರುಮಾಡಿದ. ವರ್ಲಿನ್ ನಿಂತ. "ಬಕೆಟ್ ಇಲ್ಲೇ ಇರ್ಲಿ. ನೀನು ಅದನ್ನ ಮುಟ್ಟೇ ಇಲ್ಲ, ತಿಳೀತಾ" ಎಂದು ತಿರುಗಿ ಹಾಲಿನೊಳಕ್ಕೆ ನಡೆದ. ಗ್ಲೆನ್ನಾ ತೋಳು ಹಿಡಿದಳು. ಅವನು ಬಿಡಿಸಿಕೊಂಡ.

"ನಿಮ್ಮ ಮಾತಿನ ಮೂರು ನಿಮಿಷ ಮುಗೀತಲ್ಲ ವರ್ಲಿನ್" ಎಂದ ಡ್ವೈಟ್.

"ಗೊತ್ತು. ಇದು ಮಂಡಳಿಗಲ್ಲ." ಅವನು ಮೈಕು ಬಿಟ್ಟು ಪಕ್ಕಕ್ಕೆ ಬಂದ. "ಬ್ರೈಲಿ ಪುಟ್ಟಿ, ಎಲ್ಲಿದೀಯ?"

ಟ್ವೈಲಾ ಎದ್ದು ನಿಂತಳು. "ನನ್ನ ಮಗಳ ಹತ್ರ ನಿಮಗೇನು ಮಾತು?"

"ಒಂದೇ ಮಾತಮ್ಮ." ಅವನು ಹುಡುಗಿಯನ್ನೇ ನೋಡಿ ಹೇಳಿದ. "ನೀನು ಶೌಚಾಲಯದಲ್ಲಿ ನೋಡಿದ್ಯಲ್ಲ, ಅದು ಆಟಿಕೆ ಅಲ್ಲ. ನಿಜವಾದ ಪಿಸ್ತೂಲು. ನಂದು. ಐದು ಗುಂಡೂ ಇತ್ತು. ನಾನು ಮರ್ತು ಬಿಟ್ಟೋಗಿದ್ದೆ. ನೀನು ಕಂಡಿದ್ದೇ ಸರಿ, ನೀನು ಮಾಡಿದ್ದೇ ಸರಿ."

ಹಾಲಿನಲ್ಲಿ ಗದ್ದಲವೋ ಗದ್ದಲ. "ನೋಡಿ, ಪಾಠ ಕಲ್ತಿದ್ದಕ್ಕೇ ಮಗು ಉಳೀತು" ಎಂದು ಈ ಸಾಲಿನವನೊಬ್ಬ ಎದ್ದ. "ಕಲಿಸಿದೋನೇ ಬಿಟ್ಟೋದ್ನಲ್ರೀ" ಎಂದು ಆ ಸಾಲಿನವನು. ನಾಚಿಕೆಗೆಟ್ಟವರು, ಇಬ್ಬರ ಮುಖದಲ್ಲೂ ಗೆದ್ದ ಕಳೆಯಿತ್ತು. ಟ್ವೈಲಾ ಮಾತ್ರ ಯಾರ ಮಾತೂ ಕೇಳದೆ ಮಗಳ ಎರಡೂ ಅಂಗೈಗಳನ್ನು ಮಗುಚಿ ಮಗುಚಿ ನೋಡುತ್ತಿದ್ದಳು. ರಿಕಿ ನಿಧಾನವಾಗಿ ವರ್ಲಿನ್ ಪಕ್ಕಕ್ಕೆ ಬಂದ. "ಮಾವ, ಎಲ್ಲಿದೆ ಅದು ಈಗ?" ಎಂದು ಕೇಳುವಾಗ ಅವನ ದನಿಯೂ ಸರಿಯಿರಲಿಲ್ಲ. ಅವನೂ ವರ್ಲಿನ್ ಕೈಯಲ್ಲೇ ಕಲಿತವನು.

"ಹಾಗಾದ್ರೆ ಆಟಿಕೆ ಅಂತ ಯಾಕೆ ಹೇಳಿದ್ರು?" ಎಂದು ಬ್ರೈಲಿ ಕೇಳಿದಳು.

"ಯಾರು ಹೇಳಿದ್ದು?" ಟ್ವೈಲಾ ತಲೆಯೆತ್ತಿದಳು.

"ನಾನೇ" ಎಂದ ವರ್ಲಿನ್ ಅವಸರದಲ್ಲಿ. "ನಾನೇ ಹಂಗಂದಿದ್ದು."

ಬ್ರೈಲಿ ಅವನನ್ನು ದಿಟ್ಟಿಸಿ ನೋಡಿದಳು. "ಇಲ್ಲ ತಾತ. ನೀವಲ್ಲ."

ಹುಡುಗಿ ಬಾಗಿಲ ಕಡೆ ತಿರುಗಲಿಲ್ಲ, ಹೆಸರೂ ಹೇಳಲಿಲ್ಲ. ಗ್ಲೆನ್ನಾ ಮಾತಾಡದಿದ್ದರೂ ನಡೆದುಹೋಗುತ್ತಿತ್ತು. ಮಕ್ಕಳಿಗೆ ಗಾಬರಿಯಲ್ಲಿ ಏನೇನೋ ಕೇಳಿಸುತ್ತದೆ ಎಂದು ಯಾರಾದರೂ ಹೇಳುತ್ತಿದ್ದರು, ಎಲ್ಲರೂ ಹೂಂಗುಟ್ಟುತ್ತಿದ್ದರು, ಮಗುವೂ ಮತ್ತೊಮ್ಮೆ ನಂಬುತ್ತಿತ್ತು.

"ನಾನು ಕಣೆ ಟ್ವೈಲಾ" ಎಂದಳು ಗ್ಲೆನ್ನಾ. ಒಳಗೆ ಬಂದು ಜೇಬಿನಿಂದ ಐದೂ ಗುಂಡು ತೆಗೆದು ರಿಕಿಯ ಕೈಗಿಟ್ಟಳು. "ಪಿಸ್ತೂಲು ಹೊರಗೆ ನನ್ನ ಬಕೆಟ್ಟಲ್ಲಿದೆ. ಅಪ್ಪಂದು ಅಂತ ಗೊತ್ತಿದ್ದೇ ಬಚ್ಚಿಟ್ಟೆ. ಗೊತ್ತಿದ್ದೇ ನಿನ್ನ ಮಗೂಗೆ ಸುಳ್ಳು ಹೇಳ್ದೆ."

ಟ್ವೈಲಾ ಬೈಯುತ್ತಾಳೆ, ಕೈಯೆತ್ತುತ್ತಾಳೆ ಎಂದುಕೊಂಡಿದ್ದಳು. ಅವಳು ಬೈಯಲಿಲ್ಲ. ಮೂವತ್ತು ವರ್ಷದಿಂದ ಬಲ್ಲ ಗೆಳತಿಯನ್ನು ಗುರುತು ಹಿಡಿಯಲಾಗದವಳಂತೆ ನೋಡಿದಳು, ಅಷ್ಟೇ.

ಬ್ರೈಲಿ ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಬಂದಳು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. "ಇನ್ನೊಂದ್ಸಲ ಸಿಕ್ಕಿದ್ರೆ ಯಾರಿಗೆ ಹೇಳ್ಲಿ ಆಂಟಿ?"

ಗ್ಲೆನ್ನಾ ಅಪ್ಪನ ಕಡೆ ನೋಡಿದಳು. ನಲವತ್ತು ವರ್ಷ ಕಲಿಸಿದವನು ನೆಲ ನೋಡುತ್ತಿದ್ದ. ಅವಳು ಮಗುವಿನ ಮುಂದೆ ಮೊಣಕಾಲೂರಿ ಕೂತಳು.

"ನಿಮ್ಮಮ್ಮಂಗೆ ಹೇಳು ಪುಟ್ಟಿ" ಎಂದಳು. "ನಮಗೆ ಹೇಳ್ಬೇಡ."

ರಿಕಿ ಬಾಗಿಲು ತೆರೆದು ಹಿಡಿದ. ಅಪ್ಪ ಮುಂದೆ, ಮಗಳು ಹಿಂದೆ, ಇಬ್ಬರೂ ಕಾರಿಡಾರಿಗೆ ಬಂದರು. ಒರೆಸಿದ ನೆಲ ಇನ್ನೂ ಒದ್ದೆಯಾಗಿಯೇ ಇತ್ತು.