ಎತ್ತಬಾರದ ಫೋನು

ಸೋಮವಾರ ಬೆಳಗ್ಗೆ ಕರೇಗುಡ್ಡದಹಟ್ಟಿಯ ಅಷ್ಟೂ ಫೋನುಗಳನ್ನು ಸರ್ಕಾರ ಬಂದ್ ಮಾಡಿಸಿತು. ಅದಕ್ಕೂ ಮೊದಲು, ಶನಿವಾರ, ಗುಡ್ಡದಲ್ಲಿ ಮೇಯುತ್ತಿದ್ದ ಹಟ್ಟಿಯ ಪಾಲಣ್ಣನ ಕುರಿಗಳನ್ನು ಪೊಲೀಸರು ಹೊಡೆದುಕೊಂಡು ಹೋಗಿ ದೊಡ್ಡಿಯಲ್ಲಿ ಕೂಡಿಹಾಕಿದ್ದರು. ನೀರಿಲ್ಲದೆ ಮರಿಗಳು ಸತ್ತವು.

ಗುಡ್ಡದ ಸುತ್ತ ಗಾಳಿಯಂತ್ರದ ಕಂಪನಿ ಮುಳ್ಳುತಂತಿ ಬಿಗಿದಿತ್ತು. ತಲೆಮಾರುಗಳಿಂದ ಕುರಿ ಮೇದ ಜಾಗ ಸರ್ಕಾರದ ಕಣ್ಣಿಗೆ ಯಾರಿಗೂ ಬೇಡದ ಬಂಜರು. ಭಾನುವಾರ ಹಟ್ಟಿಯ ಹೆಂಗಸರು ರಸ್ತೆಗೆ ಅಡ್ಡ ಕೂತರು. ಕೂರಿಸಿದವಳು ಬರಗೇರಮ್ಮ. ಮಮತಾಳ ಎಸ್‌ಟಿಡಿ ಬೂತಿನಿಂದ ಸುದ್ದಿ ಚಿತ್ರದುರ್ಗದ ಪತ್ರಿಕೆಯವರಿಗೂ ಹೋಯಿತು. ಮಾರನೆಯ ದಿನವೇ ಫೋನು ಸತ್ತಿತು.

ಮಧ್ಯಾಹ್ನ ರಸ್ತೆಯಿಂದೆದ್ದು ನೀರು ಕುಡಿಯಲು ಬೂತಿಗೆ ಬಂದ ಬರಗೇರಮ್ಮನಿಗೆ ಮಮತಾ ರಿಸೀವರನ್ನು ಕಿವಿಗೆ ಹಿಡಿಸಿದಳು. ಗೊರ್ ಅನ್ನುವ ಸದ್ದೂ ಇಲ್ಲ. ಹಾಳಾಗಿ ಹೋಗಲಿ ಅಂದುಕೊಂಡು ಹೊಸಿಲು ದಾಟುವಾಗ ಇವತ್ತು ಸೋಮವಾರ ಅನ್ನುವುದು ನೆನಪಾಯಿತು. ಬರಗೇರಮ್ಮನ ಕಾಲು ಅಲ್ಲೇ ನಿಂತಿತು.

ಅವಳ ಗಂಡ ಗೋವಿಂದಪ್ಪ ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿಮಂದೆ ನಿಲ್ಲಿಸುತ್ತ ಭದ್ರಾ ಸೀಮೆಗೆ ಹೋದವನು. ಸೋಮವಾರ ದೀಪ ಹಚ್ಚುವ ಹೊತ್ತಿಗೆ ತಾನಿದ್ದ ಊರಿನಿಂದ ಮಮತಾಳ ಬೂತಿಗೆ ಫೋನು ಮಾಡುತ್ತಿದ್ದ. ಹಟ್ಟಿಯಲ್ಲಿ ಎಲ್ಲ ನೆಟ್ಟಗಿದ್ದರೆ ಫೋನು ಎತ್ತಬಾರದು. ಅದು ಬಡಿದುಕೊಂಡಷ್ಟೂ ಒಳ್ಳೆಯದು, ಅವನು ಮಂದೆ ಎಬ್ಬಿಸಿ ಮುಂದೆ ನಡೆಯಬಹುದು. ಎತ್ತಿದರೆ ಏನೋ ಕೇಡು ಅಂತ ಅರ್ಥ, ಏನು ಮಾಡಬೇಕು ಅನ್ನುವುದನ್ನು ಫೋನಿನಲ್ಲೇ ಹೇಳುವುದು. ಎತ್ತದ ಫೋನಿಗೆ ಕಾಸು ಕೊಡಬೇಕಿಲ್ಲವೆಂದು ಕುರಿಯವರೆಲ್ಲ ಹೀಗೇ ಮಾಡಿಕೊಂಡಿದ್ದರು. ಬಡಿದುಕೊಳ್ಳುವ ಫೋನಿನ ಮುಂದೆ ಕೈಕಟ್ಟಿ ಕೂತು ನಗುವ ಮಮತಾಳನ್ನು ನೋಡಿ ಪರ ಊರಿನವರು ತಲೆ ಕೆಟ್ಟಿದೆಯಾ ಅಂತ ಕೇಳುತ್ತಿದ್ದರು. ಗೋವಿಂದಪ್ಪನ ಫೋನನ್ನು ಎತ್ತಿದ್ದು ಒಂದೇ ಸಲ, ಅವನವ್ವ ತೀರಿಕೊಂಡಾಗ.

ಇವತ್ತು ಎತ್ತಬೇಕು ಅಂತ ಬರಗೇರಮ್ಮ ನಿನ್ನೆಯೇ ಗಟ್ಟಿ ಮಾಡಿಕೊಂಡಿದ್ದಳು, ರಸ್ತೆಯ ಗದ್ದಲದಲ್ಲಿ ಮರೆತೇಹೋಗಿತ್ತು. ಮಂದೆ ಹೊಳಲ್ಕೆರೆ ಹತ್ತಿರ ಬಂದಿದೆಯೆಂದು ಯಾರೋ ಹೇಳಿದ್ದರು. ಅಲ್ಲಿಂದ ಬರುವ ದಾರಿ ಗುಡ್ಡದ ಮೇಲೇ.

ಟೆಲಿಫೋನ್ ಎಕ್ಸ್‌ಚೇಂಜ್ ಅಂದರೆ ಶಾಲೆಯ ಹಿಂದಿನ ಒಂದು ಕೋಣೆ. ಬಾಗಿಲಲ್ಲಿ ಪೊಲೀಸಿನವನು, ಕಟ್ಟೆಯ ಮೇಲೆ ಮೆಕ್ಯಾನಿಕ್ ಶಿವರಾಜ್. ದೂರದ ನೆಂಟ, ಅವಳನ್ನು ಚಿಕ್ಕಮ್ಮ ಎನ್ನುವವನು. ಅವಳು ಓಡಿ ಬಂದ ಏದುಸಿರಿನಲ್ಲೇ ಕೇಳಿದಳು, ಆಚೆಯಿಂದ ಫೋನು ಮಾಡಿದವರಿಗೆ ಏನು ಕೇಳಿಸುತ್ತದೆ ಅಂತ. ಏನೂ ಕೇಳಿಸದಿದ್ದರೆ ಗೋವಿಂದಪ್ಪನಿಗೆ ಅನುಮಾನ ಬರುತ್ತದೆ, ನಿಲ್ಲುತ್ತಾನೆ. ಅಷ್ಟೇ ಆಸೆ.

"ರಿಂಗ್ ಆಗ್ತಾನೇ ಇರ್ತೈತೆ ಚಿಕ್ಕಮ್ಮ," ಅಂದ ಶಿವರಾಜ್, ನೆಲ ನೋಡುತ್ತ. "ಇಲ್ಲಿ ಫ್ಯೂಸ್ ಕಿತ್ತಿರೋದು ಅಲ್ಲೇನ್ ಗೊತ್ತಾಗ್ತೈತೆ? ಯಾರೂ ಎತ್ತಲಿಲ್ಲ ಅನ್ಕಂತಾರೆ, ಅಷ್ಟೆ."

ಯಾರೂ ಎತ್ತಲಿಲ್ಲ ಅಂದರೆ ಗೋವಿಂದಪ್ಪನಿಗೆ ಎಲ್ಲ ನೆಟ್ಟಗಿದೆ ಅಂತಲೇ ಅರ್ಥ. ಕಿತ್ತವನು ಇವನೇ ಅಂತ ಗೊತ್ತಿದ್ದರೂ ಬೈಯಲು ಹೊತ್ತಿರಲಿಲ್ಲ. ಪಾಲಣ್ಣನ ತಮ್ಮನನ್ನು ಟಿವಿಎಸ್ ಹತ್ತಿಸಿ ಹೊಳಲ್ಕೆರೆಗೆ ಅಟ್ಟಿದಳು. ಸೇತುವೆಯ ಹತ್ತಿರ ಪೊಲೀಸರು ಕೀಲಿ ಕಸಿದುಕೊಂಡು ವಾಪಸು ಕಳಿಸಿದರು. ಹಟ್ಟಿಯಿಂದ ಒಬ್ಬರನ್ನೂ ಬಿಡುತ್ತಿರಲಿಲ್ಲ. ಅವಳು ಕೂರುವಳು, ಏಳುವಳು, ಬೂತಿಗೆ ಹೋಗಿ ಸತ್ತ ಫೋನನ್ನು ಎತ್ತಿ ಇಡುವಳು. ಹೊತ್ತು ಇಳಿಯುತ್ತಿತ್ತು.

ಬೂತಿನ ಮುಂದೆ ಜೀಪಿನಲ್ಲಿ ಪೊಲೀಸ್ ಸಾಹೇಬರು ಬಂದರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ಅವಳಿಗೆ ಕುರ್ಚಿ ಹಾಕಿಸಿದರು. ಅವಳು ಕೂರಲಿಲ್ಲ. ಗಂಡನ ವಿಷಯವನ್ನೆಲ್ಲ ಹೇಳಿ ಕೈಮುಗಿದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

"ನೋಡಮ್ಮ, ಬೂತಿನ ಲೈನು ಈಗಲೇ ಕೊಡಿಸ್ತೀನಿ. ನೀನು ಹೋಗಿ ಆ ಹೆಂಗಸರನ್ನ ಎಬ್ಬಿಸು. ನೀನು ಹೇಳಿದ್ರೆ ಏಳ್ತಾರೆ."

"ನನ್ ಗಂಡನ್ ಕೂಡೆ ನಾನ್ ಮಾತಾಡಾಕೆ ನಿಮ್ ಅಪ್ಪಣೆ ಯಾಕ್ ಬೇಕು ಸ್ವಾಮಿ?"

"ಮೇಲಿಂದ ಆರ್ಡರ್ ಆಗಿದೆ."

"ಯಾವ್ ಕಾಗದ್ದಾಗೈತೆ? ತೋರಿಸ್ರಿ."

ಸಾಹೇಬರು ನಕ್ಕರು. "ನಿನಗೆ ಓದೋಕೆ ಬರುತ್ತಾ?"

"ನಂಗ್ ಬರಲ್ಲ, ಮಮತಾಗ್ ಬರ್ತೈತೆ. ಕೊಡ್ರಿ, ರಸ್ತೆ ಮೇಲ್ ನಿಂತು ಗಟ್ಟಿಯಾಗಿ ಓದ್ತಾಳೆ. ಎಲ್ರೂ ಕೇಳ್ಲಿ."

ಕಾಗದ ಇರಲಿಲ್ಲ. ಬಾಯಿಮಾತಿನ ಆರ್ಡರು. ಸಾಹೇಬರು ಗಡಿಯಾರ ನೋಡಿ, ಕತ್ತಲಾಗುತ್ತಿದೆ, ನಿನಗೇ ಬಿಟ್ಟದ್ದು ಅಂದರು. ಪೊಲೀಸಿನವನೊಬ್ಬನನ್ನು ಅವಳ ಹಿಂದೆ ಕಳಿಸಿದರು.

ರಸ್ತೆಯವರೆಗೂ ಅವಳ ತಲೆಯಲ್ಲಿ ಗೋವಿಂದಪ್ಪನೇ. ಹೊಳಲ್ಕೆರೆಯ ಯಾವುದೋ ಬೂತಿನಲ್ಲಿ ಕಂಬಳಿ ಹೆಗಲಿಗೇರಿಸಿ ನಿಂತಿದ್ದಾನೆ. ಕಿವಿಯಲ್ಲಿ ರಿಂಗ್ ಆಗುತ್ತಿದೆ, ಮುಖ ಅರಳುತ್ತಿದೆ. ಬೆಳಗಾಗುತ್ತಲೇ ಮಂದೆ ಎಬ್ಬಿಸುತ್ತಾನೆ. ತಂತಿಯ ಹತ್ತಿರ ಲಾಠಿ ಹಿಡಿದವರು ಕಾದಿರುತ್ತಾರೆ. ಹೆಂಗಸರನ್ನು ಎಬ್ಬಿಸಿಬಿಡಲೇ? ನಾಳೆ ಮತ್ತೆ ಕೂರಿಸಿದರಾಯಿತಲ್ಲ? ನಾಳೆ ಕೂತರೆ ನಾಳೆಯೂ ಫ್ಯೂಸು ಕೀಳುತ್ತಾರೆ. ಒಮ್ಮೆ ಕಿತ್ತು ಕೆಲಸ ಆಯಿತೆಂದರೆ ಯಾವತ್ತೂ ಕೀಳುತ್ತಾರೆ.

ಹೆಂಗಸರು ಅವಳ ಮುಖ ನೋಡಿದರು. ಅವರಲ್ಲೂ ಕೆಲವರ ಗಂಡಂದಿರು, ಮಕ್ಕಳು ಮಂದೆಗಳ ಜೊತೆ ಎಲ್ಲೆಲ್ಲೋ ಇದ್ದರು. ಅವಳು ಸಾಹೇಬರ ಮಾತನ್ನು ಒಂದೂ ಬಿಡದೆ ಹೇಳಿದಳು. ಮುದುಕಿ ಕೆಂಚಕ್ಕ ಎಲೆಅಡಿಕೆ ಉಗಿದು, "ನಿನ್ ಗಂಡ, ನಿನ್ ಕುರಿ. ನಾವ್ ಏಳು ಅನ್ನಲ್ಲ, ಕೂರು ಅನ್ನಲ್ಲ ತಾಯಿ," ಅಂದಳು.

"ಬೇಗ ಹೇಳಮ್ಮ, ಏಳ್ರಿ ಅಂತ," ಅಂದ ಪೊಲೀಸಿನವನು.

ಬರಗೇರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕೆಂಚಕ್ಕನನ್ನು ಸ್ವಲ್ಪ ಸರಿಸಿ, ಇನ್ನೂ ಬಿಸಿ ಆರದ ಟಾರಿನ ಮೇಲೆ ಕೂತಳು.

"ಎಬ್ಬಿಸಲ್ಲ. ಹೋಗಿ ಹೇಳಪ್ಪ ನಿಮ್ ಸಾಹೇಬ್ರಿಗೆ."