ಕರಿ ಸೀಸೆಯ ಕೋಳಿ

ಅರವತ್ತಮೂರನೇ ಇಸವಿ ಸಂಕ್ರಾಂತಿಗೆ ನಮ್ಮವರು ಜಪಾನಿನಿಂದ ವಾಪಸು ಬಂದರು. ಮಹಾಲಯ ಅಮಾವಾಸ್ಯೆ ಬಂದರೂ ಅವರ ಮನಸ್ಸು ಮಾತ್ರ ಬಂದಿರಲಿಲ್ಲ. ದಿನಾ ನಾಗಸಂದ್ರದಿಂದ ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಗೆ ಸೈಕಲ್ ತುಳಿಯುತ್ತಿದ್ದರು, ಸಂಜೆ ಬಂದು ನಾನು ಬಡಿಸಿದ್ದನ್ನು ಉಣ್ಣುತ್ತಿದ್ದರು. ಚೆನ್ನಾಗಿದೆ ಅಂತ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಬಾಯಿಬಿಟ್ಟರೆ ಬರುತ್ತಿದ್ದುದು ಒಂದೇ ಮಾತು, ತೆರಿಯಾಕಿ.

ಅದೊಂದು ಸುಟ್ಟ ಕೋಳಿ. ಕರಿ ಸೋಯಾ ರಸಕ್ಕೆ ಸಕ್ಕರೆಯನ್ನೂ ಅಕ್ಕಿಯ ಹೆಂಡವನ್ನೂ ಕಲಸಿ ಕೋಳಿಯನ್ನು ನೆನೆಹಾಕಬೇಕಂತೆ. ಆಮೇಲೆ ಕೆಂಡದ ಮೇಲಿಟ್ಟು, ಮತ್ತೆ ಮತ್ತೆ ರಸ ಬಳಿದು, ಚರ್ಮ ಮಿರಮಿರ ಮಿಂಚುವ ತನಕ ಸುಡಬೇಕಂತೆ. ಅಲ್ಲಿ ಆರು ತಿಂಗಳು ತರಬೇತಿಗೆ ಹೋಗಿದ್ದಾಗ ಇವರಿದ್ದ ಮನೆಯ ಯಜಮಾನಿ ಇವರಿಗೆ ಮಾಡಿ ಹಾಕುತ್ತಿದ್ದಳಂತೆ. ಹೆಸರು ಉಮೆ. "ಮೊದ್ಲು ತಾನೇ ಒಂದು ಚೂರು ಕಚ್ಚಿ ನೋಡಿ, ಆಮೇಲೆ ಅದನ್ನೇ ನನ್ ತಟ್ಟೆಗೆ ಇಡೋರು" ಅಂತ ಒಂದು ದಿನ ಅಂದುಬಿಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು. ಎಂಜಲು ಹಂಚಿಕೊಳ್ಳುವುದು ಗಂಡ ಹೆಂಡತಿ ತಾನೆ? ಮದುವೆಯ ದಿನ ಇವರ ಎಲೆಯಲ್ಲಿ ಉಂಡವಳು ನಾನು.

ಅವಳ ವಯಸ್ಸೆಷ್ಟು, ನೋಡಲು ಹೇಗಿದ್ದಾಳೆ ಅಂತ ಕೇಳಲಿಲ್ಲ. ಕೇಳಿದರೆ ಸೋತಂತೆ. ಯಶವಂತಪುರದ ಬಟ್ಟೆ ಅಂಗಡಿಯ ಕ್ಯಾಲೆಂಡರಿನಲ್ಲಿ ಕೊಡೆ ಹಿಡಿದು ನಿಂತಿದ್ದ ಬಿಳಿ ಮುಖದ ಹೆಂಗಸಿಗೇ ಉಮೆ ಅಂತ ಹೆಸರಿಟ್ಟು, ಒಲೆ ಊದುವಾಗೆಲ್ಲ ಅವಳನ್ನು ಬೈಯುತ್ತಿದ್ದೆ.

ಅಮಾವಾಸ್ಯೆಗೆ ಹತ್ತು ದಿನವಿದ್ದಾಗ ಒಂದು ನೀಲಿ ಕಾಗದ ಬಂತು. ಒಳಗೆ ಪೂರಾ ಅವರ ಭಾಷೆ. ನಮ್ಮವರು ಅದನ್ನು ಕಾರ್ಖಾನೆಗೆ ಒಯ್ದು, ಅಲ್ಲಿದ್ದ ಜಪಾನಿನ ಎಂಜಿನಿಯರ್ ಹತ್ತಿರ ಓದಿಸಿಕೊಂಡು ಬಂದರು. ಅವತ್ತಿನಿಂದ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಅರ್ಧ ಊಟಕ್ಕೇ ಕೈತೊಳೆದು ಎದ್ದು ರಸ್ತೆಯ ತನಕ ಹೋಗಿ ಬರುತ್ತಿದ್ದರು. ಕಾಗದ ಅಂಗಿಯ ಜೇಬು ಬಿಟ್ಟು ಕದಲಲಿಲ್ಲ. ಇವರು ಮತ್ತೆ ಹೊರಟರೆ ನನ್ನ ಗತಿಯೇನು ಅನ್ನುವ ಚಿಂತೆ ನನ್ನನ್ನೂ ಹಿಡಿಯಿತು. ಗುಡಿಸಿದ ಅಂಗಳವನ್ನೇ ದಿನಕ್ಕೆ ಮೂರು ಸಲ ಗುಡಿಸಿದೆ.

ಅಮಾವಾಸ್ಯೆಯ ಬೆಳಿಗ್ಗೆ ಪೆಟ್ಟಿಗೆಯಿಂದ ಸೋಯಾ ರಸದ ಸೀಸೆ ತೆಗೆದರು. ಬರುವಾಗ ತಂದದ್ದು ಅದೊಂದೇ. ಇಷ್ಟು ದಿನ ನನಗೆ ಮುಟ್ಟಲೂ ಬಿಟ್ಟಿರಲಿಲ್ಲ.

"ರತ್ನ, ಇವತ್ತು ತೆರಿಯಾಕಿ ಮಾಡ್ತೀನಿ. ನಾನೇ ಮಾಡ್ತೀನಿ. ನೀನು ಎಡೆ ಅಡಿಗೆ ನೋಡ್ಕೊ."

"ಹಿರಿಯರಿಗೆ ಎಡೆ ಇಡೋ ದಿನಾನೇ ಆಗ್ಬೇಕಾ ಅದು?"

"ಇವತ್ತೇ ಆಗ್ಬೇಕು" ಅಂದರು, ಅಷ್ಟೆ.

ನಮ್ಮ ಅತ್ತೆ ಮುನಿಗಂಗಮ್ಮ ಎರಡು ಹುಂಜಗಳ ಪುಕ್ಕ ತರಿದು, ಹುಲ್ಲಿನ ಉರಿಯಲ್ಲಿ ಸುಟ್ಟು, ಅಭ್ಯಾಸದಂತೆ ಎರಡಕ್ಕೂ ಅರಿಶಿನ ಬಳಿದುಬಿಟ್ಟರು. ಒಂದನ್ನು ಇವರು ಕಿತ್ತುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ತಿಕ್ಕಿ ತಿಕ್ಕಿ ತೊಳೆದರು.

"ಇದೇನ್ಲಾ ಇಂಗಾಡ್ತೀಯ? ಅರಿಸ್ನ ಇಲ್ದಿದ್ರೆ ಅಸಿ ವಾಸ್ನೆ ಒಡೀತೈತೆ" ಅಂತ ಅತ್ತೆ ಕೂಗಿಕೊಂಡರು.

ಇವರಿಗೆ ಕಿವಿಯೇ ಇರಲಿಲ್ಲ. ಸೀಸೆಯನ್ನು ಬೋಗುಣಿಗೆ ಬಗ್ಗಿಸಿ, ಕೊನೆಯ ತೊಟ್ಟು ಬೀಳುವ ತನಕ ಹಿಡಿದುಕೊಂಡು ನಿಂತರು. ಸಕ್ಕರೆ ಸಾಲದೆ ಬೆಲ್ಲ ಜಜ್ಜಿ ಹಾಕಿದರು. ಅಕ್ಕಿಯ ಹೆಂಡಕ್ಕೆ ಬದಲು, ಮಾವನವರ ಎಡೆಗೆ ಅಂತ ತಂದಿಟ್ಟಿದ್ದ ಹೆಂಡದಲ್ಲೇ ಅರ್ಧ ಲೋಟ ಸುರಿದರು. ಕೋಳಿಯನ್ನು ಮಧ್ಯಾಹ್ನದ ತನಕ ನೆನೆಹಾಕಿ ಹತ್ತು ಸಲ ಮುಚ್ಚಳ ತೆಗೆದು ನೋಡಿದರು. ಆಮೇಲೆ ಸೈಕಲ್ಲಿನ ಹಳೆಯ ಕಡ್ಡಿಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ, ತುಂಡುಗಳನ್ನು ಪೋಣಿಸಿ, ಹಿತ್ತಲ ಇದ್ದಿಲ ಒಲೆಯ ಮೇಲಿಟ್ಟರು.

ಹೊತ್ತು ಇಳಿಯುತ್ತಿತ್ತು. ಎಡೆ ಇಡುವವರು ಸ್ನಾನ ಮಾಡಬೇಕಲ್ಲ. ಬಾವಿಯ ಕಡೆಗೆ ಹೊರಟವರು ತೆಂಗಿನ ನಾರಿನ ಕುಂಚವನ್ನು ನನ್ನ ಕೈಗೆ ಕೊಟ್ಟರು. "ತಿರುಗಿಸ್ತಾ ಇರು, ರಸ ಬಳೀತಾ ಇರು. ಸೀದೋದ್ರೆ ಮತ್ತೆ ಮಾಡೋಕಾಗಲ್ಲ."

ನಾನು, ಒಲೆ, ಅವಳ ಕೋಳಿ. ಬೆಲ್ಲ ಕಾದು ನೊರೆಯುಕ್ಕಿ, ಚರ್ಮ ಕೆಂಪಾಗಿ, ಆಮೇಲೆ ಹೊಸ ಬೀಟೆ ಮಂಚದಂತೆ ಹೊಳೆಯತೊಡಗಿತು. ವಾಸನೆಗೆ ಬಾಯಲ್ಲಿ ನೀರೂರಿತು, ಊರಿದ್ದಕ್ಕೆ ಸಿಟ್ಟೂ ಬಂತು. ಎಡೆ ಇಡುವ ತನಕ ಆ ದಿನದ ಅಡಿಗೆಯ ರುಚಿ ನೋಡುವಂತಿಲ್ಲ. ಬೆಳಿಗ್ಗೆಯಿಂದ ಸಾರಿನ ಉಪ್ಪನ್ನೂ ಅಂದಾಜಿನಲ್ಲೇ ಹಾಕಿದ್ದೆ. ಆದರೆ ನಮ್ಮ ಹಿರಿಯರಿಗೂ ಈ ಕೋಳಿಗೂ ಏನು ಸಂಬಂಧ? ನನ್ನ ಗಂಡನನ್ನು ಕಟ್ಟಿಹಾಕುವಂಥದ್ದು ಇದರಲ್ಲಿ ಏನಿದೆಯೋ ನೋಡಿಯೇಬಿಡೋಣ ಅಂದುಕೊಂಡೆ. ಎಲ್ಲಕ್ಕಿಂತ ದೊಡ್ಡ ತುಂಡನ್ನೇ ಎತ್ತಿ ಕಚ್ಚಿದೆ.

ಹಾಳಾದ್ದು, ರುಚಿಯಾಗಿತ್ತು. ನಾನು ಹದಿಮೂರು ವರ್ಷದಿಂದ ಮಾಡಿ ಬಡಿಸಿದ ಯಾವ ಸಾರಿನಲ್ಲೂ ಆ ರುಚಿ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದದ್ದಲ್ಲ. ಕಚ್ಚಿದ ಮಗ್ಗುಲು ಕಾಣದಂತೆ ಕೆಳಗೆ ಮಾಡಿ, ಎಲ್ಲವನ್ನೂ ತಟ್ಟೆಗೆ ಹಾಕಿ ಒಳಗೆ ತಂದಿಟ್ಟೆ.

ನಡುಮನೆಯಲ್ಲಿ ಅತ್ತೆ ಎರಡು ಎಲೆ ಹಾಕಿದ್ದರು. ಒಂದು ಮಾವನವರಿಗೆ, ಇನ್ನೊಂದು ಅವರ ತಾಯಿಗೆ. ಇವರು ಮಡಿ ಪಂಚೆ ಉಟ್ಟು ಬಂದವರೇ ಪಕ್ಕದಲ್ಲಿ ಮೂರನೆಯ ಎಲೆ ಹಾಸಿದರು.

"ಇದ್ಯಾರ್ಗಲಾ?"

ಇವರು ಗೂಟಕ್ಕೆ ತಗುಲಿಹಾಕಿದ್ದ ಅಂಗಿಯ ಜೇಬಿನಿಂದ ಆ ನೀಲಿ ಕಾಗದ ತೆಗೆದರು. ಅದರ ಮಡಿಕೆಯಲ್ಲಿ ತಾವು ಇಟ್ಟುಕೊಂಡಿದ್ದ ಸಣ್ಣ ಫೋಟೋವನ್ನು ಗೋಡೆಗೆ ಒರಗಿಸಿ ಇಟ್ಟರು. ಬೆನ್ನು ಪೂರಾ ಬಾಗಿದ, ಹಲ್ಲಿಲ್ಲದ ಒಂದು ಮುದುಕಿ ನಗುತ್ತಿತ್ತು. ಪಕ್ಕದಲ್ಲಿ ನಮ್ಮವರು ಕೋಟು ಹಾಕಿಕೊಂಡು ನಿಂತಿದ್ದರು.

"ನಾನಿದ್ದ ಮನೆಯೋರಮ್ಮ. ಉಮೆ ಅಂತ. ಹೋಗ್ಬಿಟ್ರಂತೆ, ಪಕ್ಕದ್ಮನೆಯೋರು ಬರ್ದಿದ್ದಾರೆ. ಒಬ್ನೇ ಮಗ, ಯುದ್ಧದಲ್ಲಿ ಸತ್ತೋದ. ಎಡೆ ಇಡೋಕೆ ಅವ್ರಿಗೆ ಯಾರೂ ಇಲ್ಲಮ್ಮ. ನೀನು ಬೈತೀಯ ಅಂತ ಹತ್ತು ದಿನದಿಂದ ಹೇಳ್ಲಿಲ್ಲ."

ಅತ್ತೆ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮಾವನವರ ಎಲೆಯನ್ನು ಒಂದಿಷ್ಟು ಆಚೆಗೆ ಸರಿಸಿ ಜಾಗ ಮಾಡಿಕೊಟ್ಟರು. "ಇಡು" ಅಂದರು.

ಇವರ ಕೈ ನೇರವಾಗಿ ಆ ದೊಡ್ಡ ತುಂಡಿಗೇ ಹೋಯಿತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಅದರ ಜೊತೆ ತಟ್ಟೆಯಲ್ಲಿದ್ದದ್ದೆಲ್ಲ ಎಂಜಲು, ಸೀಸೆ ಬರಿದಾಗಿದೆ, ಇನ್ನೊಂದು ಮಾಡುವಂತಿಲ್ಲ. ಆದರೆ ಆ ಬೋಳು ಬಾಯಿಯ ನಗು ನನ್ನನ್ನೇ ನೋಡುತ್ತಿತ್ತು. ಎಂಟು ತಿಂಗಳು ನಾನು ಬೈದದ್ದು ಈ ಮುದುಕಿಯನ್ನು.

"ಅದನ್ನ ಇಡ್ಬೇಡಿ" ಅಂದೆ. "ಕಚ್ಚಿದ್ದೀನಿ. ಎಂಜಲಾಗೈತೆ."

"ಅಯ್ಯೋ ನಿನ್ ಮನೆ ಹಾಳಾಗ!" ಅಂತ ಅತ್ತೆ ಹಣೆ ಚಚ್ಚಿಕೊಂಡರು. ನಮ್ಮವರು ತುಂಡನ್ನು ಮಗುಚಿ, ನನ್ನ ಹಲ್ಲಿನ ಗುರುತನ್ನು ಬಹಳ ಹೊತ್ತು ನೋಡಿದರು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಅಂತ ನಿಂತಿದ್ದೆ.

"ಅವ್ರೂ ಇಂಗೇ ಮಾಡೋರು" ಅಂದರು. "ದಿನಾ ಮಗನ ಫೋಟೋ ಮುಂದೆ ಇಡೋಕ್ಮುಂಚೆ ಒಂದು ಚೂರು ಕಚ್ಚಿ ನೋಡೋರು. ಬಿಸಿ ಇದ್ರೆ ಮಗು ಬಾಯಿ ಸುಟ್ಕೊತಾನೆ ಅಂತ. ಆಮೇಲೆ ನನಗೂ ಅಂಗೇ ಕೊಡೋರು."

ಕಚ್ಚಿದ ತುಂಡನ್ನೇ ಎಲೆಯ ನಡುವೆ ಇಟ್ಟು ಕೈಮುಗಿದರು. ಅತ್ತೆ ತಡೆಯಲಿಲ್ಲ. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಮೂವರೂ ಜಗಲಿಯ ಮೇಲೆ ಕೂತೆವು. ಹತ್ತು ದಿನದಲ್ಲಿ ಇವರು ಒಂದು ಕಡೆ ಕೂತದ್ದು ಅದೇ ಮೊದಲು.

"ಹೆಂಗಿತ್ತು, ರತ್ನ?" ಅಂತ ಮೆಲ್ಲಗೆ ಕೇಳಿದರು.

"ಚೆನ್ನಾಗಿತ್ತು. ಉಪ್ಪು ಒಂಚೂರು ಮುಂದಾಗಿತ್ತು."

"ಅವ್ರು ಮಾಡಿದ್ರಲ್ಲೂ ಮುಂದಾಗೇ ಇರ್ತಿತ್ತು" ಅಂದರು. ಆಮೇಲೆ ನನ್ನ ಸೆರಗು ಎಳೆದುಕೊಂಡು, ಅದರಲ್ಲಿ ಮುಖ ಮುಚ್ಚಿ ಅತ್ತರು.