ಆಟಿಯಲ್ಲಿ ನೆಟ್ಟ ಬಸಳೆ

ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ಮೇಲೆ, ನನ್ನ ವೀಸಾದ ಧಣಿ ಕಫೀಲ್ ಸೌದಿಗೆ ಓಡುವ ದಿನ ಮನೆಯ ಬೀಗದ ಕೈಯ ಜೊತೆ ತಮ್ಮ ಪಿಸ್ತೂಲನ್ನೂ ನನಗೆ ಕೊಟ್ಟರು. “ದಾರಿಯಲ್ಲಿ ಇರಾಕಿಗಳು ಕಾರು ತಪಾಸಣೆ ಮಾಡುತ್ತಾರೆ, ತನಿಯಪ್ಪ. ನೀನು ಇಂಡಿಯಾದವನು, ನಿನ್ನನ್ನು ಯಾರು ಕೇಳುತ್ತಾರೆ?” ಎಂದರು. ಹನ್ನೊಂದು ವರ್ಷ ಅವರ ಟೈರ್ ಅಂಗಡಿಯಲ್ಲಿ ದುಡಿದವನು ನಾನು. ರಿಗ್ಗೈಯಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲೇ ಹೆಂಡತಿ ಹರಿಣಾಕ್ಷಿ, ಮಗಳೊಂದಿಗೆ ಇರುವವನು. ಬೇಡ ಎನ್ನಲು ಬಾಯಿ ಬರಲಿಲ್ಲ.

ಆಯುಧ ಸಿಕ್ಕಿದ ಮನೆಯ ಗಂಡಸನ್ನು ಬಾಗಿಲಲ್ಲೇ ನಿಲ್ಲಿಸಿ ಗುಂಡು ಹೊಡೆಯುತ್ತಾರೆಂದು ಬೀದಿಯಲ್ಲಿ ಸುದ್ದಿಯಿತ್ತು. ಮರುದಿನ ನಸುಕಿನಲ್ಲೇ ಪಿಸ್ತೂಲನ್ನು ಹಾಲಿನ ಪುಡಿಯ ಡಬ್ಬಿಗೆ ಹಾಕಿ ಅಂಗಳದ ಗೋಡೆಯ ಬದಿಗೆ ಹೂತೆ. ಅಗೆದ ಮಣ್ಣು ಎದ್ದು ಕಾಣುತ್ತಿತ್ತು. ಹರಿಣಾಕ್ಷಿಯ ಬಸಳೆ ಚಪ್ಪರದಿಂದ ನಾಲ್ಕು ದಂಟು ಮುರಿದು ಅದರ ಮೇಲೆ ಊರಿದೆ. ಕೈ ತಾನಾಗಿ ಮಾಡಿದ ಕೆಲಸ. ಊರಲ್ಲಿ ಅದು ಆಟಿ ತಿಂಗಳು, ಮಳೆಯಲ್ಲಿ ದಂಟು ಊರಿ ಮರೆತರೂ ಚಿಗುರುವ ಕಾಲ.

ಇಲ್ಲಿ ಆಗಸ್ಟ್. ಹತ್ತು ಗಂಟೆಗೆಲ್ಲ ಎಲೆಗಳು ಬೇಯಿಸಿದ ಹಾಗೆ ಜೋತುಬಿದ್ದವು.

“ನಿಮಗೆ ಮಂಡೆ ಸರಿ ಉಂಟಾ ಮಾರಾಯ್ರೇ?” ಹರಿಣಾಕ್ಷಿ ಪಿಸುಗುಟ್ಟಿದಳು. “ಅಕ್ಟೋಬರಿನವರೆಗೆ ಇಲ್ಲಿ ಎಂತದೂ ನೆಡ್ಲಿಕ್ಕಿಲ್ಲ ಅಂತ ನನಗೆ ಹೇಳಿಕೊಟ್ಟದ್ದೇ ನೀವು. ಇದ್ದ ಬಳ್ಳಿ ಉಳಿಸ್ಲಿಕ್ಕೇ ಎಸಿ ನೀರು ಹಿಡಿದು ಹಿಡಿದು ನನ್ನ ಸೊಂಟ ಬಿದ್ದಿದೆ.”

“ಸಂಜೆ ಕಿತ್ತು ಲೋಳೆಸರ ಇಡ್ತೇನೆ. ಅದು ಬಾಡುವುದಿಲ್ಲ.”

“ಸಂಜೆವರೆಗೆ ನಾವು ಇದ್ರೆ ಅಲ್ವಾ.”

ಮಧ್ಯಾಹ್ನವೇ ಜೀಪು ಬಂತು. ಇಬ್ಬರು ಸೈನಿಕರು ದೊಡ್ಡ ಮನೆಗೆ ನುಗ್ಗಿ ಕಪಾಟುಗಳನ್ನು ಕೆಡವತೊಡಗಿದರು. ಮೂರನೆಯವನು, ನನ್ನದೇ ವಯಸ್ಸಿನ ನರೆಮೀಸೆಯವನು, ನೆರಳು ಹುಡುಕುತ್ತ ಅಂಗಳಕ್ಕೆ ಬಂದ. ಬಸಳೆಯ ಮುಂದೆ ನಿಂತು ಬೂಟಿನ ತುದಿಯಿಂದ ಮಣ್ಣು ಒತ್ತಿದ. ಬೂಟು ಒಳಗೆ ಇಳಿಯಿತು.

“ಯಾವಾಗ ನೆಟ್ಟೆ?” ಅರಬಿಯಲ್ಲಿ ಕೇಳಿದ.

“ಇವತ್ತು.”

“ಬಸ್ರಾದಲ್ಲಿ ನನಗೂ ತೋಟವಿದೆ. ಆಗಸ್ಟಿನಲ್ಲಿ ನೆಲ ಅಗೆಯುವವನು ಗಿಡಕ್ಕಾಗಿ ಅಗೆಯುವುದಿಲ್ಲ.”

ಅವನ ಬಂದೂಕು ಭುಜದಿಂದ ಇಳಿಯಿತು. ಆರು ವರ್ಷದ ಮಗಳು ಅಕ್ಷಯಾ ಬಾಗಿಲಲ್ಲೇ ನಿಂತಿದ್ದಳು. ಅವಳು ನೋಡಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಹರಿಣಾಕ್ಷಿ ಅವಳನ್ನು ಒಳಗೆ ತಳ್ಳಿ ಹೊರಗೆ ಬಂದಳು. ಕಫೀಲರ ಅಡುಗೆಮನೆಯಲ್ಲಿ ಕಲಿತ ಹರಕು ಅರಬಿಯಲ್ಲಿ ನನ್ನ ಮೇಲೆ ಎಗರಿದಳು. “ಮಜ್ನೂನ್! ಹುಚ್ಚ ಇವರು! ಊರಲ್ಲಿ ಈಗ ಮಳೆಯಂತೆ, ನೆಡುವ ಕಾಲವಂತೆ. ವರ್ಷ ವರ್ಷವೂ ನನ್ನ ಬಳ್ಳಿ ಮುರಿದು ಕೊಲ್ಲುವುದು! ಟೈರ್ ಮಾರುವವರಿಗೆ ಯಾಕೆ ಗಿಡದ ಉಸಾಬರಿ?”



ಸೈನಿಕ ಅವಳನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ದಂಟನ್ನು ಎಳೆದ. ಅವನ ಬೆರಳುಗಳು ಮಣ್ಣಿನೊಳಗೆ ಹೋದವು. ಇನ್ನೊಂದು ಗೇಣು ಕೆಳಗೆ ಡಬ್ಬಿ.

“ಇಷ್ಟು ಎಲೆ ಉಳಿಸಿ ನೆಟ್ಟರೆ ಬದುಕುತ್ತದೆಯೇ?” ಕೆಳಗಿನ ಎಲೆಗಳನ್ನೆಲ್ಲ ಚಿವುಟಿ, ದಂಟನ್ನು ಮತ್ತೆ ಊರಿ, ಮಣ್ಣನ್ನು ಮೆಟ್ಟಿ ಗಟ್ಟಿ ಮಾಡಿದ. ರಟ್ಟಿನ ಪೆಟ್ಟಿಗೆ ಹರಿದು ಬಿಸಿಲಿಗೆ ಅಡ್ಡ ನಿಲ್ಲಿಸಿದ. “ಶುಕ್ರವಾರ ಬರುತ್ತೇನೆ. ಬದುಕಿದ್ದರೆ ಸರಿ. ಸತ್ತಿದ್ದರೆ, ಯಾಕೆ ಸತ್ತಿತೆಂದು ಅಗೆದು ನೋಡುತ್ತೇನೆ.”

ನಕ್ಕ ಹಾಗೆ ಕಂಡಿತು. ತಮಾಷೆಯೋ ಏನೋ ತಿಳಿಯಲಿಲ್ಲ.

ಡಬ್ಬಿ ತೆಗೆಯಬೇಕಾದರೆ ಬಳ್ಳಿ ಕೀಳಬೇಕು. ಕಿತ್ತರೆ ಶುಕ್ರವಾರಕ್ಕೆ ಅದು ಉಳಿಯದು. ನಲ್ಲಿಯಲ್ಲಿ ನೀರು ದಿನಕ್ಕೊಂದು ಗಂಟೆ ಬರುತ್ತಿತ್ತು. ಮಗಳ ಸ್ನಾನ ನಿಲ್ಲಿಸಿದೆವು. ಅಕ್ಕಿ ತೊಳೆದ ನೀರು, ನಮ್ಮ ಕುಡಿಯುವ ನೀರಿನಲ್ಲಿ ಅರ್ಧ, ಎಲ್ಲ ಬಸಳೆಗೆ. ಎರಡು ದಂಟು ಕೊಳೆತವು. ಮೂರನೆಯದು ಒಣಗಿತು.

ಗುರುವಾರ ಅಕ್ಷಯಾ ಕೂಗಿದಳು: “ಪಪ್ಪಾ, ಒನ್ ಲೀಫ್ ಈಸ್ ಕಮಿಂಗ್!” ನಾಲ್ಕನೆಯ ದಂಟಿನಲ್ಲಿ ಹೆಸರುಕಾಳಿನಷ್ಟು ಚಿಗುರು.

ಶುಕ್ರವಾರ ಅವನು ಒಬ್ಬನೇ ಬಂದ. ಬಗ್ಗಿ ಚಿಗುರನ್ನು ನೋಡಿದ. ಆಮೇಲೆ ಬಹಳ ಹೊತ್ತು ನೆಲವನ್ನು ನೋಡಿದ.

“ನಾಳೆಯಿಂದ ಈ ಬೀದಿಗೆ ಬೇರೆ ತುಕಡಿ. ಎಲ್ಲ ಪೇಟೆಯ ಹುಡುಗರು, ಯಾವಾಗ ಏನು ನೆಡುತ್ತಾರೆಂದು ಅವರಿಗೆ ಗೊತ್ತಿಲ್ಲ. ಬಳ್ಳಿ ಹಬ್ಬಿಸು. ಇದನ್ನು ಕೀಳಬೇಡ.” ನನ್ನ ಮುಖ ನೋಡದೆ ಹೋದ.

“ಎಂತ ಹೇಳಿದ?” ಹರಿಣಾಕ್ಷಿ ಒಳಗಿಂದಲೇ ಕೇಳಿದಳು.

“ನೀರು ಹಾಕ್ಬೇಕಂತೆ.”

“ಮತ್ತೆ ನಿಂತದ್ದೆಂತಕ್ಕೆ? ಹಾಕಿ.”